ಬಿದ್ದ ಗಾಡಿಯ ತೂಕ

ತೂಕದಣ್ಣನ ಮುತ್ತಜ್ಜ ಕಲ್ಲು ಕಡೆದು ತೂಕದ ಗುಂಡು ಮಾಡುತ್ತಿದ್ದವನು. ಒಬ್ಬ ದೊಡ್ಡ ವರ್ತಕ ಬಂದು, ಗುಂಡಿನ ತಳವನ್ನು ಯಾರಿಗೂ ಕಾಣದ ಹಾಗೆ ಒಂದಿಷ್ಟು ಕೊರೆದುಕೊಡು ಅಂದಾಗ, ಹಾಗೇ ಕೊರೆದು, ಆ ಗುಂಡನ್ನು ಅವನ ಕಾಲಿನ ಮೇಲೆಯೇ ಬಿಟ್ಟು, "ಕಡಿಮೆ ಅನ್ನಿಸ್ತಾ ಸ್ವಾಮಿ?" ಎಂದು ಕೇಳಿದವನು. ವರ್ತಕ ಬದುಕಿದಷ್ಟು ಕಾಲ ಕುಂಟಿದ. ಮುತ್ತಜ್ಜನಿಗೆ ಹೆಸರು ಬಂತು. ಅಜ್ಜ ಹಿತ್ತಾಳೆ ತಕ್ಕಡಿಯವನು. ಸ್ವಂತ ತಂಗಿಯ ಗಂಡ ದಿನಸಿ ಅಂಗಡಿ ತೆರೆದ ದಿನವೇ ಹೋಗಿ, ತಟ್ಟೆಯ ಅಡಿಗೆ ಮೆತ್ತಿದ್ದ ಮೇಣವನ್ನು ಗಿರಾಕಿಗಳ ಎದುರಿಗೇ ಉಗುರಿನಿಂದ ಕೆರೆದು ತೆಗೆದ. ಆ ತಂಗಿ ಅವನ ಹೆಣ ನೋಡಲೂ ಬರಲಿಲ್ಲ. ಅಪ್ಪನ ಕಾಲಕ್ಕೆ ಲಾರಿ ತೂಗುವ ಕಟ್ಟೆ ಬಂದಿತ್ತು. ಸುಳ್ಳು ತೂಕ ತೋರಿಸುತ್ತಿದ್ದ ಕಟ್ಟೆಯನ್ನು ಅಪ್ಪ ಅದರ ಅಡಿಯ ಗುಂಡಿಗಿಳಿದು ಸರಿಮಾಡಿ ಮೇಲೆ ಬಂದಾಗ, ಹೆಚ್ಚು ಹೇರಿದ್ದಕ್ಕೆ ಮೊದಲು ಸಿಕ್ಕಿಬಿದ್ದದ್ದು ಅವನದೇ ಭಾವಮೈದುನನ ಲಾರಿ. ಹೀಗೆ ಮೂರು ತಲೆಮಾರು ಗಿರಾಕಿಗಳನ್ನೂ ನೆಂಟರನ್ನೂ ಕಳೆದುಕೊಂಡು ನಿಯತ್ತು ಉಳಿಸಿಕೊಂಡ ಮನೆತನ ಅದು.

ಅಂಥ ಮನೆತನದ ಕುಡಿ, ತಕ್ಕಡಿ ರಿಪೇರಿಯ ತೂಕದಣ್ಣ, ಕಟ್ಟಿಕೊಂಡ ಹೆಂಡತಿಗೆ ನಾಲ್ಕು ವರ್ಷದಿಂದ ತೂಕದಲ್ಲಿ ಮೋಸ ಮಾಡುತ್ತ ಬಂದಿದ್ದ.

ಎಲ್ಲಕ್ಕೂ ಮೂಲ ಅವನ ಮೋಟಾರ್ ಸೈಕಲ್ಲು. ದೂರದ ಪ್ರಯಾಣಕ್ಕೆಂದೇ ಮಾಡಿದ ಹಳೆಯ ಕಾಲದ ಟೂರಿಂಗ್ ಗಾಡಿ. ಎಮ್ಮೆಯ ಬೆನ್ನಿನಂಥ ಟ್ಯಾಂಕು, ಎದೆಮಟ್ಟದ ಗಾಳಿಗಾಜು, ಹಿಂದೆ ಎಡಬಲಕ್ಕೆ ಎರಡು ಪೆಟ್ಟಿಗೆ, ದಿನವಿಡೀ ಕೂತರೂ ಸೊಂಟ ಹಿಡಿಯದ ಸೀಟು. ಅದನ್ನು ಮಾಡಿದ ಕಂಪನಿಯೇ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಸಿಗದ ಬಿಡಿಭಾಗಗಳನ್ನು ತೂಕದಣ್ಣ ಹಳೆಯ ತಕ್ಕಡಿಗಳ ಹೊಟ್ಟೆಯಿಂದ ತೆಗೆದು ತಾನೇ ಉಜ್ಜಿ ಹೊಂದಿಸುತ್ತಿದ್ದ. ಕ್ಲಚ್ ಹಿಡಿಯ ಪಿನ್ನು ಒಂದು ಕಾಲದಲ್ಲಿ ಚಿನ್ನದಂಗಡಿಯಲ್ಲಿ ಉಂಗುರ ತೂಗಿದ್ದು. ಭಾನುವಾರ ಬೆಳಿಗ್ಗೆ ವಾಲ್ವಿನ ಸಂದಿಗೆ ತೆಳು ತಗಡಿನ ಪಟ್ಟಿ ತೂರಿಸಿ, ಅದು ಬಿಗಿಯೋ ಸಡಿಲವೋ ಎಂದು ಬೆರಳಲ್ಲಿ ಅಳೆಯುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಸ್ವಂತ ಹಲ್ಲು ಅಲ್ಲಾಡಿದರೂ ಡಾಕ್ಟರ ಹತ್ತಿರ ಹೋಗದ ಮನುಷ್ಯ, ಗಾಡಿಯ ಎರಡು ಕಾರ್ಬುರೇಟರುಗಳು ಒಂದೇ ಸಮ ಉಸಿರಾಡುತ್ತಿವೆಯೇ ಎಂದು ರಬ್ಬರ್ ಕೊಳವೆ ಕಿವಿಗಿಟ್ಟು ಕೇಳುತ್ತಿದ್ದ.

ವರ್ಷಕ್ಕೊಮ್ಮೆ ಗಂಡಹೆಂಡತಿ ಅದರ ಮೇಲೆ ಗುಡ್ಡಗಳನ್ನು ದಾಟಿ, ಕಡಲ ದಡದಲ್ಲಿದ್ದ ಹೆಂಡತಿಯ ಅಕ್ಕನ ಮನೆಗೆ ಹೋಗುತ್ತಿದ್ದರು. ಹೆಂಡತಿ ಪರದೆ, ದಿಂಬಿನ ಚೀಲ ಹೊಲಿಯುವವಳು. ಬಸ್ಸಾದರೆ ಅರ್ಧ ದಿನದಲ್ಲಿ ಮುಟ್ಟಿಸುತ್ತಿತ್ತು. ಆದರೆ ಬಸ್ಸಿನಲ್ಲಿ ಗಂಡ ತಿರುಗಿ ಉತ್ತರ ಕೊಡುತ್ತಾನೆ. ಗಾಡಿಯ ಮೇಲೆ ಹೆಲ್ಮೆಟ್ಟಿನೊಳಗಿಂದ ಬರೀ ಹೂಂ ಬರುತ್ತದೆ, ಅದೂ ಇಂಜಿನ್ನಿನ ಸದ್ದೋ ಗಂಡನ ಸದ್ದೋ ತಿಳಿಯುವುದಿಲ್ಲ. ಇಡೀ ವರ್ಷ ಹೇಳದೆ ಉಳಿದದ್ದನ್ನೆಲ್ಲ ಅವಳು ಆ ದಾರಿಯಲ್ಲಿ ಅವನ ಬೆನ್ನಿಗೆ ಹೇಳಿ ಮುಗಿಸುತ್ತಿದ್ದಳು.

ಒಂದು ವರ್ಷ ಬೀದಿಯ ತಿರುವಿನಲ್ಲಿ, ಕ್ಷೌರದಂಗಡಿಯ ಮುಂದೆ, ನಿಂತಲ್ಲೇ ಗಾಡಿ ವಾಲಿತು. ವಾಲಿದ್ದು ಹಿಡಿತಕ್ಕೆ ಸಿಗಲಿಲ್ಲ. ಕ್ಷೌರದವನೂ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಇಬ್ಬರು ಗಿರಾಕಿಗಳೂ ಓಡಿಬಂದು ಎತ್ತಿ ನಿಲ್ಲಿಸಿದರು. ಹ್ಯಾಂಡಲಿಗೆ ಮೆತ್ತಿದ ಸೋಪನ್ನು ಒರೆಸುತ್ತ ಕ್ಷೌರದವನು, "ಅಣ್ಣಾ, ಸಾಕಾದಾಗ ನನಗೇ ಕೊಡು. ಅಂಗಡಿ ಕಿಟಕೀಲಿ ನಿಲ್ಲಿಸ್ತೀನಿ, ನೋಡೋಕೆ ಚೆನ್ನಾಗಿರುತ್ತೆ" ಎಂದ. ಆ ಮಾತು ತೂಕದಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಅವನು ಮನೆಗೆ ಬರುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಕತ್ತರಿ ಕೆಳಗಿಟ್ಟಳು. "ನೋಡಿ, ಬೀದೀಲಿ ಬಿದ್ರೆ ಸೋಪು ಹಚ್ಕೊಂಡವರಾದ್ರೂ ಬರ್ತಾರೆ. ಗುಡ್ಡದ ದಾರೀಲಿ ಬಿದ್ರೆ ನಾನು ಯಾರನ್ನ ಕರೀಲಿ?"

"ಯಾಕೆ ಬೀಳುತ್ತೆ?"

"ಇವತ್ತು ಯಾಕೆ ಬಿತ್ತೋ ಅದಕ್ಕೇ. ಇನ್ನು ಮೇಲೆ ಹೊರಡೋ ಮುಂಚೆ ಪ್ರತಿ ವರ್ಷ ಅಂಗಳದಲ್ಲಿ ಗಾಡಿ ಮಲಗಿಸಿ, ಒಬ್ರೇ ಎತ್ತಿ ತೋರಿಸಬೇಕು. ದಾರೀಲಿ ಬಿದ್ರೂ ಒಬ್ರೇ ಎತ್ತಬೇಕು. ಆಗಲಿಲ್ವಾ, ಅದು ಕ್ಷೌರದಂಗಡಿ ಕಿಟಕಿಗೆ."

"ಸರಿ. ನಮ್ಮ ವಂಶದಲ್ಲಿ ಕೊಟ್ಟ ಮಾತಿಗೆ ತೂಕ ಇರುತ್ತೆ."

"ಮಾತಿನ ತೂಕ ನಂಗ್ಯಾಕೆ, ಗಾಡಿ ತೂಕ ಎತ್ತಿ ಸಾಕು."

ಮೊದಲ ವರ್ಷ ಅವನು ನ್ಯಾಯವಾಗಿಯೇ ಎತ್ತಿದ. ಹಳೆಯ ಹಾಸಿಗೆಯ ಮೇಲೆ ಗಾಡಿ ಮಲಗಿಸಿ, ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೀಟಿನ ಅಂಚಿಗೆ ಕುಂಡಿ ಒತ್ತಿ, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಎದ್ದ. ಎದ್ದ ಮೇಲೆ ಒಂದು ವಾರ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿದ. ಎರಡನೆಯ ವರ್ಷ ಪೆಟ್ಟಿಗೆಗಳಿಗೆ ಬಣ್ಣ ಹಾಕಬೇಕೆಂದು ಮೊದಲೇ ಬಿಚ್ಚಿಟ್ಟ. ಬಣ್ಣ ಹಾಕುವುದು ತಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ವರ್ಷ ಟ್ಯಾಂಕು ತೊಳೆಯಲು ಪೆಟ್ರೋಲು ಬಸಿದ. ಆಮೇಲಿನ ವರ್ಷ ಬ್ಯಾಟರಿ ಚಾರ್ಜಿಗೆ ಹೋಯಿತು, ಹೊಗೆಕೊಳವೆಗಳು ಪಾಲಿಶ್ ಆಗಬೇಕಾದವು. ಅದೇ ವರ್ಷ ಹೆಂಡತಿಯೇ, "ಸೀಟು ಬಿಚ್ಚಿಕೊಡಿ, ಹೊಲಿಗೆ ಬಿಟ್ಟಿದೆ, ಹಾಕ್ಕೊಡ್ತೀನಿ" ಅಂದಾಗ ಅವನಿಗೆ ಅದೃಷ್ಟ ತಾನಾಗಿ ಬಾಗಿಲು ತಟ್ಟಿದಂತಾಯಿತು. ಈ ವರ್ಷ ಗಾಳಿಗಾಜೂ ಇರಲಿಲ್ಲ. ಹಾಸಿಗೆಯ ಮೇಲೆ ಮಲಗಿದ್ದದ್ದು ಪುಕ್ಕ ತರಿದ ಕೋಳಿಯಂತೆ ಕಾಣುತ್ತಿತ್ತು. ಊರಿನ ಯಾವ ಅಂಗಡಿಯಲ್ಲಾದರೂ ತಟ್ಟೆ ಕೂದಲೆಳೆಯಷ್ಟು ವಾಲಿದರೆ ಕಣ್ಣು ಕೆಂಪು ಮಾಡುವ ತೂಕದಣ್ಣ ಆ ಅಸ್ಥಿಪಂಜರವನ್ನು ಎತ್ತಿ ನಿಲ್ಲಿಸಿ, ಹಣೆ ಒರೆಸಿಕೊಂಡು, "ಹೇಗೆ?" ಎಂದ. ಹಣೆಯಲ್ಲಿ ಬೆವರು ಬಂದಿರಲಿಲ್ಲ.

"ಪರವಾಗಿಲ್ಲ ಕಣ್ರೀ, ಕೈಕಾಲು ಗಟ್ಟಿ ಇದೆ" ಎಂದಳು ಹೆಂಡತಿ.

ಎಲ್ಲವನ್ನೂ ಮತ್ತೆ ತೊಡಿಸಿ, ಪೆಟ್ಟಿಗೆ ತುಂಬಿಸಿ ಹೊರಟರು. ಮಧ್ಯಾಹ್ನ ಗುಡ್ಡ ಇಳಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸಿಕೊಂಡರು. ಅಲ್ಲಿಂದ ಗಾಳಿ ಹಾಕಿಸುವ ಮೂಲೆಗೆ ಮೆಲ್ಲಗೆ ತಿರುಗಿಸುವಾಗ ಬಲಗಾಲ ಕೆಳಗೆ ಮರಳು ಜಾರಿತು. ನಡೆಯುವುದಕ್ಕಿಂತ ನಿಧಾನವಾಗಿದ್ದ ಗಾಡಿ, ಸುಸ್ತಾದ ಹಸು ಮಲಗುವ ಹಾಗೆ ಬಲಕ್ಕೆ ಮಲಗಿತು. ಹೆಂಡತಿ ಬೀಳಲಿಲ್ಲ. ಗಾಡಿ ಇಳಿಯುತ್ತಿದ್ದ ಹಾಗೇ ತಾನೂ ಇಳಿದು, ಕೈಚೀಲ ಹಿಡಿದು ಪಕ್ಕಕ್ಕೆ ನಿಂತಳು.

ತೂಕದಣ್ಣ ಇಂಜಿನ್ನು ಆರಿಸಿ, ಪೆಟ್ರೋಲಿನ ನಲ್ಲಿ ಮುಚ್ಚಿ ತಲೆ ಎತ್ತುವಷ್ಟರಲ್ಲಿ ನಾಲ್ಕು ಜನ ಸುತ್ತುವರಿದಿದ್ದರು. ಮುಂದಿದ್ದವನು ಲಾರಿ ಡ್ರೈವರ್, ಬಾಗಿಲಷ್ಟು ಅಗಲದ ಆಳು. ಅವಸರಕ್ಕೆ ಲಾರಿಯನ್ನು ಬಂಕಿನ ಬಾಯಿಗೇ ಅಡ್ಡ ಬಿಟ್ಟು ಇಳಿದಿದ್ದ.

"ಪಕ್ಕಕ್ಕೆ ಸರೀರಿ ಯಜಮಾನ್ರೇ. ಒಂದು ಕೈ ಹಾಕಿದ್ರೆ ಆಯ್ತು."

"ಮುಟ್ಟಬೇಡಿ" ಎಂದ ತೂಕದಣ್ಣ.

"ಅಯ್ಯೋ, ಏನೂ ಕಿತ್ಕೊಂಡು ಹೋಗಲ್ಲ. ನಿಲ್ಲಿಸಿಕೊಡ್ತೀವಿ."

"ಅದೇ ಬೇಡ ಅಂದದ್ದು."

ಡ್ರೈವರ್ ಹೆಂಡತಿಯ ಕಡೆ ನೋಡಿದ. "ಏನಮ್ಮಾ, ಇವರು ಯಾವಾಗ್ಲೂ ಹೀಗೇನಾ?"

"ಮದುವೆ ಆದಾಗ ಇಷ್ಟಿರಲಿಲ್ಲಪ್ಪ" ಎಂದಳು ಅವಳು. ಆಮೇಲೆ ಗಂಡನ ಹತ್ತಿರ ಬಂದು ದನಿ ತಗ್ಗಿಸಿದಳು. "ರೀ, ಆ ಪೆಟ್ಟಿಗೆಗಳಲ್ಲಿ ಅಕ್ಕನಿಗೆ ಅಂತ ಉಪ್ಪಿನಕಾಯಿ ಜಾಡಿ ಬೇರೆ ಇದೆ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ. ಇವರು ಎತ್ತಿಬಿಡ್ಲಿ."

"ತಿರುಗಿ ನಿಂತ್ರೆ?"

"ನಾನು ನೋಡಿಲ್ಲ ಅಂತ ಆಗುತ್ತೆ. ನಂಗೇನು ಹೊಸದಾ?"

ತೂಕದಣ್ಣ ಕೈಗವಸು ಬಿಚ್ಚುತ್ತಿದ್ದವನು ನಿಲ್ಲಿಸಿದ. "ಹೊಸದಲ್ಲ ಅಂದ್ರೆ?"

"ಪೆಟ್ಟಿಗೆ ಇಲ್ದಿರೋ ಗಾಡಿ, ಪೆಟ್ರೋಲ್ ಇಲ್ದಿರೋ ಗಾಡಿ. ನಾನು ಹೊಲಿಯೋಳು ರೀ, ಕುರುಡಿ ಅಲ್ಲ. ಸೀಟು ಬಿಚ್ಚಿಕೊಡಿ ಅಂತ ಕೇಳಿದ್ದು ಯಾರು? ಅದಕ್ಕೆ ಒಂದೇ ಒಂದು ಹೊಲಿಗೆ ಹಾಕಿದ್ರೆ ಕೇಳಿ."

ಕಳ್ಳತನ ಬಯಲಾದ ನಾಚಿಕೆ ಅವನಿಗೆ ಅಷ್ಟಾಗಿ ತಟ್ಟಲಿಲ್ಲ. ಒಬ್ಬನೇ ಎತ್ತಿದೆ ಎಂದುಕೊಂಡಿದ್ದ ಗಾಡಿಗೆ ಇಷ್ಟು ವರ್ಷ ಇನ್ನೊಂದು ಕೈ ಹತ್ತಿತ್ತಲ್ಲ, ಅದು ಉರಿಯಿತು. ಸುಳ್ಳು ತೂಕವನ್ನಾದರೂ ತಾನೊಬ್ಬನೇ ತೂಗಿದ್ದೆ ಎಂಬ ಸಮಾಧಾನವೂ ಉಳಿಯಲಿಲ್ಲ.

"ಪೆಟ್ಟಿಗೇನಾದ್ರೂ ಬಿಚ್ಚಿ" ಎಂದಳು ಹೆಂಡತಿ.

"ಒಂದು ಬೋಲ್ಟೂ ಬಿಚ್ಚಲ್ಲ. ನೀನು ಈ ಕಡೆ ತಿರುಗಿ ನಿಂತ್ಕೊ. ಕಣ್ಣು ಬಿಟ್ಟು ನೋಡು."

ಗೇರು ಹಾಕಿದ, ಉರುಳದಿರಲೆಂದು. ಮೇಲಿದ್ದ ಎಡಬದಿಯ ಸ್ಟ್ಯಾಂಡನ್ನು ಮೊದಲೇ ಎಳೆದಿಟ್ಟ, ಎದ್ದ ಗಾಡಿ ಆಚೆಗೆ ಬೀಳದಿರಲೆಂದು. ಹ್ಯಾಂಡಲನ್ನು ನೆಲದ ಕಡೆಗೆ ತಿರುಗಿಸಿ, ಗಾಡಿಗೆ ಬೆನ್ನು ಕೊಟ್ಟು ಕೂತ. ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಸೀಟಿನ ಕೆಳಗಿನ ಕಂಬಿಗೆ. ಉಸಿರು ಕಟ್ಟಿ ಒತ್ತಿದ. ಗಾಡಿ ಒಂದು ಗೇಣು ಎದ್ದು ಮತ್ತೆ ಮಲಗಿತು.

ನಾಲ್ಕು ಜನರೂ ಒಂದೇ ಸಲ ಮುಂದೆ ಬಂದರು. ಹೆಂಡತಿ ಕೈಚೀಲವನ್ನು ಅಡ್ಡ ಹಿಡಿದು ಅವರನ್ನು ತಡೆದಳು.

"ಅವರು ಬೇಡ ಅಂದ್ರಲ್ಲ" ಎಂದಳು. ಅವಳ ದನಿ ಗಟ್ಟಿಯಾಗಿತ್ತು.

ಎರಡನೆಯ ಸಲ ಕಾಲು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಒತ್ತಿದ. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಹಿಂದಕ್ಕೆ ಒಂದು ಹೆಜ್ಜೆ, ಇನ್ನೊಂದು. ಹಿಮ್ಮಡಿ ಮರಳಲ್ಲಿ ಜಾರಿತು, ಮತ್ತೆ ಕಚ್ಚಿಕೊಂಡಿತು. ಪೆಟ್ಟಿಗೆಯೊಳಗೆ ಜಾಡಿ ಉರುಳಿದ ಸದ್ದಾಯಿತು. ಗಾಡಿ ಅರ್ಧಕ್ಕೆ ಬಂದು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ದೊಡ್ಡ ಮನಸ್ಸು ಮಾಡಿದಂತೆ ಎದ್ದು, ಎಡಗಡೆಯ ಸ್ಟ್ಯಾಂಡಿನ ಮೇಲೆ ಕೂತಿತು.

ಗಾಡಿ ನಿಂತಿತು. ಅದಕ್ಕೆ ಒರಗಿದ್ದ ತೂಕದಣ್ಣನ ಬೆನ್ನು ಮಾತ್ರ ಮೆಲ್ಲಮೆಲ್ಲಗೆ ಕೆಳಗಿಳಿಯಿತು. ಸೀಟಿನಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ನೆಲಕ್ಕೆ. ಕಾಲು ಚಾಚಿ ಮರಳಿನಲ್ಲಿ ಕೂತ. ಏಳಲು ನೋಡಿದ, ಸೊಂಟ ಮಾತು ಕೇಳಲಿಲ್ಲ. ಇನ್ನೊಮ್ಮೆ ನೋಡಿದ. ಆಮೇಲೆ ತಾನು ಬೇಕೆಂದೇ ಅಲ್ಲಿ ಕೂತವನ ಹಾಗೆ ಟೈರಿನ ಗಾಳಿಯನ್ನು ಬೆರಳಲ್ಲಿ ಒತ್ತಿ ಪರೀಕ್ಷಿಸಿದ.

ಹೆಂಡತಿ ಒಂದು ಹೆಜ್ಜೆ ಮುಂದಿಟ್ಟು, ಅವನ ಮುಖ ನೋಡಿ, ಅಲ್ಲೇ ನಿಂತಳು. ಮುಖ ನೋಡುವ ಅಭ್ಯಾಸ ಲಾರಿ ಡ್ರೈವರಿಗೆ ಇರಲಿಲ್ಲ. ಅವನು ಬಗ್ಗಿ ಎರಡೂ ಕೈ ಚಾಚಿದ.

"ಗಾಡಿ ನೀವೇ ಎತ್ತಿದ್ರಿ, ಒಪ್ಪಿದೆ. ಈಗ ಕೈ ಕೊಡಿ ಯಜಮಾನ್ರೇ, ನಿಮ್ಮನ್ನ ಎಬ್ಬಿಸ್ತೀನಿ."

"ಬೇಡಪ್ಪ" ಎಂದ ತೂಕದಣ್ಣ. "ಗಾಡಿ ಬಿದ್ದಿತ್ತು, ಎತ್ತಿದೆ. ನಾನೇನು ಬಿದ್ದಿಲ್ಲ, ಕೂತಿದ್ದೀನಿ. ನಿನ್ನ ಲಾರಿ ಬಂಕಿಗೆ ಅಡ್ಡ ನಿಂತಿದೆ, ಹೋಗಿ ಅದನ್ನ ತೆಗಿ. ನಂಗೆ ಏಳಬೇಕು ಅನ್ನಿಸಿದಾಗ ಏಳ್ತೀನಿ."