ಸಮಿತಿ ತಿಂದ ತಂಬಿಟ್ಟು

ಲಷ್ಕರ್ ಮೊಹಲ್ಲಾದ ಬೀರಮ್ಮ, ಬನ್ನಿಮಂಟಪದ ಕಡೆಯ ಒಂದು ಸಣ್ಣ ಆಹಾರ ಸಂಶೋಧನಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಅಟೆಂಡರ್. ಹಿಟ್ಟು ಹುರಿಯುವುದು, ಪಾತ್ರೆ ತೊಳೆಯುವುದು, ರುಚಿ ನೋಡುವವರ ಮುಂದೆ ತಟ್ಟೆ ಇಡುವುದು ಅವಳ ಕೆಲಸ. ತಟ್ಟೆಯ ಮೇಲೆ ಬರೀ ನಂಬರು. ಯಾವುದು ಹೊಸದು, ಯಾವುದು ಹಳೆಯದು ಎಂದು ತಿನ್ನುವವರಿಗೆ ಹೇಳಕೂಡದು. ಹೇಳಿದರೆ ನಾಲಿಗೆ ಪಕ್ಷಪಾತ ಮಾಡುತ್ತದಂತೆ. ಈ ಕಾನೂನು ಬೀರಮ್ಮನಿಗೆ ಎಷ್ಟು ಮೈಗೂಡಿತ್ತೆಂದರೆ, ಮನೆಯಲ್ಲಿ ಸೊಸೆ "ಇದು ನಿನ್ನೆಯ ಸಾರಾ, ಅತ್ತೆ?" ಎಂದರೂ "ತಿಂದು ಹೇಳು" ಅನ್ನುವಳು.

ಆ ವರ್ಷ ಕೆಡದ ತಂಬಿಟ್ಟಿನ ಯೋಜನೆಗೆ ಕುತ್ತು ಬಂತು. ಯಾವ ಕೆಲಸ ಮುಂದುವರಿಯಲಿ, ಯಾವುದು ಸಾಕು ಎಂದು ನಿರ್ದೇಶಕರಿಗೆ ಹೇಳಲು ವರ್ಷಕ್ಕೊಮ್ಮೆ ವೈಜ್ಞಾನಿಕ ಸಲಹಾ ಸಮಿತಿ ಕೂರುತ್ತದೆ. ತಂಬಿಟ್ಟು ವರ್ಷವಿಡೀ ಕೆಡದೆ ಇರುವುದು ನಂಬುವ ಮಾತಲ್ಲ, ನಿಲ್ಲಿಸಿ ಎಂದು ಅದರ ಅಧ್ಯಕ್ಷ ಏಕಾಂತಯ್ಯನವರು ಮೊದಲೇ ಪತ್ರ ಬರೆದುಬಿಟ್ಟಿದ್ದರು. ಹೋದ ವರ್ಷ ತಾವೇ ತಂಬಿಟ್ಟಿನ ಎರಡು ಡಬ್ಬಿಗೆ ಸಹಿ ಹಾಕಿ ಸೀಲು ಮಾಡಿಸಿದ್ದು ಅವರಿಗೆ ಮರೆತೇ ಹೋಗಿತ್ತು. ಯೋಜನೆ ನಿಂತರೆ ವಿಜ್ಞಾನಿ ಅನುಪಮಾಗೆ ಬೇರೆ ಕೆಲಸ ಇತ್ತು. ಬೀರಮ್ಮನನ್ನು ಮಾತ್ರ ಗೇಟಿನ ರಿಜಿಸ್ಟರ್ ಪಕ್ಕ ಕೂರಿಸುವುದೆಂದು ಆಫೀಸು ತೀರ್ಮಾನಿಸಿತ್ತು.

"ಹುರಿಯೋ ಕೈಗೆ ಪೆನ್ನು ಕೊಡ್ತಾರಂತೆ," ಎಂದು ಬೀರಮ್ಮ ಬಾಣಲೆಗೆ ದೂರು ಹೇಳಿದಳು.

ಸಮಿತಿ ಕೂತ ದಿನ ಹನ್ನೊಂದರ ಕಾಫಿಗೆ ಬಿಸ್ಕತ್ತು ಇಡಬೇಕಿತ್ತು. ಬೀರಮ್ಮ ಎರಡು ತಟ್ಟೆ ತಂಬಿಟ್ಟು ಇಟ್ಟಳು. ಆರು ಜನವೂ ತಿಂದರು. ಏಕಾಂತಯ್ಯನವರು ಮೂರನೆಯ ಉಂಡೆಗೆ ಕೈ ಹಾಕುತ್ತ, "ನೋಡ್ರಿ, ಇವತ್ತು ಕಟ್ಟಿ ಇವತ್ತು ತಿನ್ನೋ ರುಚಿ ಡಬ್ಬೀದಕ್ಕೆ ಎಲ್ಲಿಂದ ಬರಬೇಕು?" ಎಂದರು.

ಸಮಿತಿಯ ಮುಂದೆ ವರದಿ ಹಿಡಿದು ಕೂತಿದ್ದ ಅನುಪಮಾ ಉಂಡೆಗಳನ್ನು ದಿಟ್ಟಿಸಿ ನೋಡಿ ಬಿಳಿಚಿಕೊಂಡಳು. "ಬೀರಮ್ಮ, ಇದು..."

"ಹೋದ ವರ್ಷದ್ದು ಕಣಮ್ಮ. ಜೋಡಿ ಡಬ್ಬಿ ಮೊನ್ನೆ ಕ್ರಿಮಿ ಪರೀಕ್ಷೇಲಿ ಪಾಸಾಯ್ತಲ್ಲ. ರುಚಿ ಪರೀಕ್ಷೆ ಒಂದು ಬಾಕಿ ಇತ್ತು, ಮುಗಿಸ್ಬುಟ್ಟೆ."

ಸೆರಗಿನ ಮರೆಯಿಂದ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಹೋದ ವರ್ಷದ ತಾರೀಖು, ಕೆಳಗೆ ಏಕಾಂತಯ್ಯನವರ ಸಹಿ.

"ಹೇಳ್ದೆ ಕೇಳ್ದೆ ತಿನ್ನಿಸೋದು ಯಾವ ಪದ್ಧತಿ?" ಎಂದರು ಏಕಾಂತಯ್ಯನವರು.

"ನಿಮ್ಮ ಸಮಿತಿಯೋರೇ ಬರೆದುಕೊಟ್ಟ ಪದ್ಧತಿ ಸ್ವಾಮಿ. ತಿನ್ನೋರಿಗೆ ಹೇಳಕೂಡದು."

ಮೂಲೆಯ ಸದಸ್ಯರೊಬ್ಬರಿಗೆ ನಗು ತಡೆಯದೆ ಕಾಫಿ ನೆತ್ತಿಗೇರಿತು. ಬೀರಮ್ಮ ಆರು ಅಂಕಪಟ್ಟಿ ಹಂಚಿದಳು. ಇಷ್ಟು ವರ್ಷ ಬೇರೆಯವರು ಕೊಟ್ಟ ಅಂಕಗಳಲ್ಲಿ ಹುಳುಕು ಹುಡುಕಿದವರು ಈಗ ಪೆನ್ನು ಕಚ್ಚುತ್ತ ಕೂತರು. ಏಕಾಂತಯ್ಯನವರು ಒಂಬತ್ತು ಅಂಕಕ್ಕೆ ಆರು ಬರೆದರು. ಬೀರಮ್ಮ ಅವರ ಮುಂದಿನ ಖಾಲಿ ತಟ್ಟೆ ಎತ್ತಿಕೊಂಡಳು.

"ಮೂರು ತಿಂದಿದ್ದೀರಿ ಸ್ವಾಮಿ," ಎಂದಳು, ಮೆಲ್ಲಗೆ.

ಆರು ಹೊಡೆದು ಎಂಟು ಮಾಡಿದರು.

ಸಂಜೆ ಅನುಪಮಾ ಸಮಿತಿಯ ನಿರ್ಣಯ ಓದಿ ಹೇಳಿದಳು: ಯೋಜನೆ ಇನ್ನೆರಡು ವರ್ಷ ನಡೆಯಲಿ. ಮುಂದಿನ ಸಭೆಯಿಂದ ಸದಸ್ಯರಿಗೆ ಅಂಗಡಿಯ ಬಿಸ್ಕತ್ತನ್ನೇ, ಪೊಟ್ಟಣ ಒಡೆಯದೆ, ಕೊಡತಕ್ಕದ್ದು.

"ಕೊಡೋಣ ಬುಡಮ್ಮ," ಎಂದ ಬೀರಮ್ಮ ಬಾಣಲೆಯನ್ನು ಒಲೆಗೇರಿಸಿದಳು. "ತಾರೀಖು ನೋಡ್ಕಂಡು ತಿನ್ನೋರಿಗೆ ರುಚಿ ಏನು ಗೊತ್ತಾಯ್ತದೆ."