ಬಿಸಿಲು ಮಗ್ಗುಲಿನ ಘಾಟು

ಆಕಾಶ ಇನ್ನೂ ಗುಡಾರದ ಸೂರಿನಷ್ಟೇ ಎತ್ತರದಲ್ಲಿದ್ದ ಕಾಲದಲ್ಲಿ, ಒಂದು ಬೆಟ್ಟಕ್ಕೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರಂತೆ. ಇಬ್ಬರದೂ ಒಂದೇ ಮುಖ, ಒಂದೇ ನೇರಳೆ ಲಂಗ. ಬಿಸಿಲು ಮಗ್ಗುಲಲ್ಲಿ ಬೆಳೆದವಳದು ಖಾರದ ಬಾಯಿ, ನೆರಳು ಮಗ್ಗುಲಲ್ಲಿ ಬೆಳೆದವಳದು ಸಿಹಿ ಬಾಯಿ. ಬಾಯಿ ಬಿಡುವವರೆಗೂ ಯಾರು ಯಾರೆಂದು ಹೆತ್ತ ಬೆಟ್ಟಕ್ಕೂ ತಿಳಿಯುತ್ತಿರಲಿಲ್ಲವಂತೆ. ಬೆಟ್ಟದ ಮೇಲೆ ನೇರಳೆ ಹೂಬಿಡುವ ಕಾಡುಮೇಕೆ ಸೊಪ್ಪಿನ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದ ಕತೆಯಿದು. ಬುರುಲ್ಚಾಗೆ ಇದು ಕತೆಯಲ್ಲ, ಕಸುಬು.

ಬೆಳಗಿನ ಐದು ಗಂಟೆ. ನಾರಿನ್ ಸೀಮೆಯ ಕಾರಾ-ಬುಲುಂಗ್ ಹಳ್ಳಿಯ ಮೇಲೆ, ತೊರೆಯ ದಂಡೆಯಲ್ಲಿ ಬೆರಣಿಯ ಬೆಂಕಿ ಹೊತ್ತಿದೆ. ಐವತ್ಮೂರು ವರ್ಷದ ಬುರುಲ್ಚಾ ಹಂಡೆಗೆ ಹೂಬಿಟ್ಟ ಸೊಪ್ಪನ್ನು ತುಂಬಿ, ಮುಚ್ಚಳದ ಸುತ್ತ ನಾದಿದ ಹಿಟ್ಟು ಮೆತ್ತುತ್ತಾರೆ. ಅಲ್ಲಿಂದ ಹೊರಟ ತಾಮ್ರದ ಕೊಳವೆ ತಣ್ಣನೆಯ ತೊರೆಯೊಳಗೆ ಮುಳುಗಿ, ಆಚೆ ಗಾಜಿನ ಸೀಸೆಯ ಬಾಯಿಗೆ ಬರುತ್ತದೆ. ಆವಿ ನೀರಾಗುತ್ತದೆ, ನೀರಿನ ಮೇಲೆ ಎಣ್ಣೆ ತೇಲುತ್ತದೆ. ಇಪ್ಪತ್ತು ಕಿಲೋ ಸೊಪ್ಪಿಗೆ ನಾಲ್ಕು ಗಂಟೆ ಬೆಂಕಿ. ಕೊನೆಗೆ ಸಿಗುವುದು ಟೀ ಬಟ್ಟಲಿನ ಅರ್ಧ. ಮೂವತ್ತು ಬೇಸಿಗೆಗಳಿಂದ ಹೀಗೇ. ಬೆರಳುಗಳ ತುದಿ ಸುಲಿದು ಸುಲಿದು ಗೆರೆಯೇ ಉಳಿದಿಲ್ಲ.

"ಎಣ್ಣೆ ಹಾಗೇ ತಾಗಿದ್ರೆ ಚರ್ಮ ಸುಡುತ್ತೆ. ಸುಡದಿದ್ರೆ ನಂಗೇ ಅನುಮಾನ," ಎನ್ನುತ್ತಾರೆ.

ಈ ಸಲದ ಬೆಂಕಿ ಒಂದು ಮಾತಿಗಾಗಿ. ತಂಗಿ ಅನಾರ್‌ಕುಲ್‌ಳ ನಲವತ್ತು ಜೇನುಪೆಟ್ಟಿಗೆಗಳಲ್ಲಿ ಮೂವತ್ತೊಂದನ್ನು ಕೆಂಪು ನುಸಿ ತಿಂದುಹಾಕಿದೆ. ಉಳಿದಿರುವುದು ಒಂಬತ್ತು. ಅವೂ ಹೋದರೆ ಅವಳು ಬೆಟ್ಟ ಇಳಿದು ಪೇಟೆಯಲ್ಲಿ ಹೊಟ್ಟೆ ಹೊರೆಯಬೇಕು. ನುಸಿ ಸಾಯುವಂಥ ಎಣ್ಣೆ ಇಳಿಸಿ ಕೊಡುತ್ತೇನೆಂದು ಅಕ್ಕ ಹೋದ ವರ್ಷವೇ ಮಾತು ಕೊಟ್ಟಿದ್ದರು. ಎರಡು ಸಲ ಇಳಿಸಿ ಕೊಟ್ಟರು. ಎರಡು ಸಲವೂ ನುಸಿ ಸಾಯಲಿಲ್ಲ.

"ಗುಲಾಬಿ ಅತ್ತರು ಪೂಸಿದ ಹಾಗಿತ್ತು. ನುಸಿಗಳು ಮದುವೆಗೆ ಹೊರಟಂಗೆ ಓಡಾಡ್ತಿದ್ವು," ಎಂದು ಅನಾರ್‌ಕುಲ್ ಈಗಲೂ ಚುಚ್ಚುತ್ತಾಳೆ.

ಗುಟ್ಟು ಬಿಡಿಸಿದವರು ರಾಜಧಾನಿ ಬಿಷ್ಕೆಕ್‌ನ ರಸಾಯನ ಪರೀಕ್ಷಾಲಯದ ಚೊಲ್ಪೊನ್. ಅವರ ಯಂತ್ರ ಎಣ್ಣೆಯನ್ನು ಬಿಡಿಸಿ ಕಾಗದದ ಮೇಲೆ ಬೆಟ್ಟಸಾಲಿನಂತೆ ಬರೆಯುತ್ತದೆ. ಒಂದೊಂದು ಶಿಖರವೂ ಒಂದೊಂದು ವಸ್ತು. "ಗಿಡ ನೋಡೋಕೆ ಒಂದೇ, ಒಳಗಿನ ಎಣ್ಣೆ ಬೇರೆ," ಎನ್ನುತ್ತಾರೆ ಅವರು. ಬಿಸಿಲು ಮಗ್ಗುಲಿನದರಲ್ಲಿ ಥೈಮಾಲ್ ಹೆಚ್ಚು; ಓಮ ಜಜ್ಜಿದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಆ ಆವಿಗೆ ನುಸಿ ಸಾಯುತ್ತದೆ. ಅಳತೆ ಮೀರಿದರೆ ಜೇನುಹುಳವೇ ಗೂಡು ಬಿಟ್ಟು ಹೋಗುತ್ತದೆ. ನೆರಳು ಮಗ್ಗುಲಿನದರಲ್ಲಿ ಗುಲಾಬಿಯ ಪರಿಮಳ ಕೊಡುವ ಜೆರಾನಿಯಾಲ್. ಬುರುಲ್ಚಾ ಬಿಸಿಲು ಮಗ್ಗುಲನ್ನು ಬಿಟ್ಟು ಒಂದು ಎಲೆಯನ್ನೂ ಕೊಯ್ದವರಲ್ಲ. ಆದರೂ ಅವರ ಎಣ್ಣೆಯಲ್ಲಿ, ಅರ್ಧಕ್ಕಿಂತ ಹೆಚ್ಚಿರಬೇಕಾದ ಥೈಮಾಲ್ ನೂರಕ್ಕೆ ಇಪ್ಪತ್ತೊಂದೇ ಇತ್ತು.

ಚೊಲ್ಪೊನ್ ಬಂದು ಹಂಡೆಯ ಪಕ್ಕ ಒಂದು ಬೆಳಗ್ಗೆ ಸುಮ್ಮನೆ ಕುಳಿತರು. ಕಾರಣ ಕಣ್ಣೆದುರೇ ನಡೆದುಬಂತು. ಉರಿಯುವ ಹಂಡೆಯ ಮುಂದೆ ಹಾದುಹೋಗುವವರು ಬರಿಗೈಯಲ್ಲಿ ಹೋಗಬಾರದು, ಒಂದು ಹಿಡಿ ಸೊಪ್ಪು ಹಾಕಿ ಹರಸಿ ಹೋಗಬೇಕು. ನಮ್ಮ ಕಣಿವೆಯ ರೂಢಿ ಅದು. ಮುಚ್ಚಳ ಬೀಳುವ ಮೊದಲು ಹದಿನಾಲ್ಕು ಜನ ಹಾದುಹೋದರು. ಹದಿನಾಲ್ಕೂ ಜನ ನೆರಳು ಮಗ್ಗುಲಿನ ಹುಲ್ಲುಗಾವಲಿಂದ ಇಳಿದವರು, ಅದೂ ಹಿಡಿಯಲ್ಲ, ತೆಕ್ಕೆ ತೆಕ್ಕೆ.

"ಮರ್ಯಾದೆಯೇ ಎಣ್ಣೆ ಕೆಡಿಸ್ತಿದೆ, ಎಜೆ," ಎಂದು ಚೊಲ್ಪೊನ್ ನಕ್ಕರಂತೆ. ಹಿರಿಯಕ್ಕನನ್ನು ಇಲ್ಲಿ ಕರೆಯುವುದೇ ಎಜೆ ಎಂದು.

ಹಾರೈಕೆಯ ಹಿಡಿಯನ್ನು ಬೇಡವೆನ್ನುವುದು ಹೇಗೆ? ಬುರುಲ್ಚಾ ವಾರವಿಡೀ ಒದ್ದಾಡಿದ್ದಾರೆ. ಹೂವಿನ ಕಾಲ ಇನ್ನು ನಾಲ್ಕೇ ದಿನ. ಇವತ್ತು, ಇನ್ನೂ ಮುಚ್ಚಳ ಬೀಳದ ದೊಡ್ಡ ಹಂಡೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪಾತ್ರೆ ಕುದಿಯುತ್ತಿದೆ. ಎಂಬತ್ತರ ಇಸಾಕ್ ಅತಾ, ಊರಿಗೆಲ್ಲ ಹಿರಿಯಪ್ಪ, ಕತ್ತೆಯಿಂದ ಇಳಿದು, ಕಂಕುಳಲ್ಲಿ ಸೊಪ್ಪಿನ ಕಟ್ಟು ಹಿಡಿದು ನೇರ ಹಂಡೆಗೆ ನಡೆಯುತ್ತಾರೆ. ಬುರುಲ್ಚಾ ಅಡ್ಡ ನಿಲ್ಲುತ್ತಾರೆ. ಸೌಟಿನಿಂದ ಚಿಕ್ಕ ಪಾತ್ರೆಯತ್ತ ತೋರಿಸುತ್ತಾರೆ.

"ಅತಾ, ನಿಮ್ಮ ಹಿಡಿ ಈ ಚಾ ಪಾತ್ರೆಗೆ ಹಾಕಿ. ಎಲ್ಲರೂ ಕುಡೀತೀವಿ."

"ಏನಮ್ಮಾ, ನನ್ನ ಸೊಪ್ಪು ಹುಳಕ್ಕೂ ಸಾಲದೋ?"

"ನುಸಿ ಕೊಲ್ಲೋಕೆ ಖಾರ ಬೇಕು ಅತಾ. ನಿಮ್ದು ಸಿಹಿ."

ಮುದುಕರು ಗಡ್ಡ ಸವರುತ್ತಾರೆ. "ಅರವತ್ತು ವರ್ಷ ಬಾಳ್ವೆ ಮಾಡಿದವಳು ಒಂದಿನ ನನ್ನನ್ನ ಸಿಹಿ ಅಂದಿಲ್ಲ. ಬಾ, ಅವಳ ಮುಂದೆ ಹೇಳ್ಬಾ," ಎನ್ನುತ್ತಾ ಕಟ್ಟನ್ನು ಚಾ ಪಾತ್ರೆಗೆ ಹಾಕಿ, ಎರಡೂ ಅಂಗೈ ಮುಖಕ್ಕೆ ಸವರಿ ಹರಸುತ್ತಾರೆ. ಹಿರಿಯರೇ ಅಲ್ಲಿ ಹಾಕಿದ ಮೇಲೆ ಉಳಿದವರದೇನು ಮಾತು?

ಎರಡು ಬೆಳಗು, ಎರಡು ಹಂಡೆ. ಸೀಸೆಯೊಂದು ವ್ಯಾನ್ ಹತ್ತಿ ಬಿಷ್ಕೆಕ್‌ಗೆ ಹೋಗುತ್ತದೆ. ನಾಲ್ಕನೇ ದಿನ ಫೋನಿನಲ್ಲಿ ಚೊಲ್ಪೊನ್ ಒಂದೇ ಮಾತು ಹೇಳುತ್ತಾರೆ: "ಐವತ್ತೆಂಟು." ಬುರುಲ್ಚಾ ಫೋನನ್ನು ಎದೆಗೊತ್ತಿಕೊಂಡು ಹುಲ್ಲಿನ ಮೇಲೆ ಕುಳಿತುಬಿಡುತ್ತಾರೆ.

ಆಗಸ್ಟ್, ಜೇನು ತೆಗೆದಾಯಿತು. ಪೆಟ್ಟಿಗೆಗೊಂದರಂತೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಇಟ್ಟು, ಸತ್ತು ಬಿದ್ದ ನುಸಿ ಅಂಟಲೆಂದು ಅಡಿಯಲ್ಲಿ ಬೆಣ್ಣೆ ಸವರಿದ ಬಿಳಿ ಹಲಗೆ ಸರಿಸಿದ್ದಾರೆ. ಮರುದಿನ ಮುಂಜಾನೆ ಅನಾರ್‌ಕುಲ್ ಮೊದಲ ಹಲಗೆ ಎಳೆಯುತ್ತಾಳೆ. ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಸೂಜಿಯ ಮೊನೆಯಿಂದ ಎಣಿಸುತ್ತಾ ಹೋದವಳು ಮುನ್ನೂರಕ್ಕೆ ನಿಲ್ಲಿಸುತ್ತಾಳೆ. ಮೇಲೆ ಜೇನುಹುಳಗಳು ಎಂದಿನಂತೆ ಹೊರಡುತ್ತಿವೆ, ಮರಳುತ್ತಿವೆ.

"ಎಜೆ, ಇನ್ನೂ ಎಂಟಿವೆ."

"ಎಳಿ. ಎಲ್ಲಾನೂ ನೋಡ್ಬೇಕು ನಾನು."

ಎರಡನೆಯದು ಕೆಂಪು. ಐದನೆಯದು ಕೆಂಪು. ಒಂಬತ್ತನೆಯ ಹಲಗೆಯನ್ನು ಬುರುಲ್ಚಾ ತಾವೇ ಎಳೆದು, ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಅದೂ ಕೆಂಪು.

"ತಗೋ," ಎನ್ನುತ್ತಾರೆ, ಅದನ್ನು ತಂಗಿಯ ಕೈಗಿಟ್ಟು. "ತಡವಾಯ್ತು. ಆದ್ರೆ ಹೇಳಿದ್ದನ್ನ ಮಾಡಿದೀನಿ."