ಗೋಲಿನ ಹಿಂದೆ ಹೂತ ನಿಂಬೆಹಣ್ಣು

ನಿಂಬೆಹಣ್ಣು ಗೋಲು ತಡೆಯುತ್ತದೆ ಎಂದು ನಂಬಿದ ಹನ್ನೊಂದು ಜನರನ್ನು ನಾನು ಬಲ್ಲೆ. ಅಲ್ಲ, ಹತ್ತು ಜನ. ಹನ್ನೊಂದನೆಯವನು ನನ್ನ ಅಣ್ಣ. ಅವನು ಏನು ನಂಬಿದ್ದನೋ ಆಗ ನನಗೆ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ನನಗೆ ಹತ್ತು ವರ್ಷ. ನಮ್ಮ ದೇವನಹಳ್ಳಿಯ ಫುಟ್‌ಬಾಲ್ ತಂಡ ಶೀಲ್ಡ್ ಪಂದ್ಯಾವಳಿಯ ಕೊನೆಯ ಪಂದ್ಯಕ್ಕೆ ಬಂದಿತ್ತು. ಎದುರಾಳಿಗಳು ಬೆಂಗಳೂರು ದಂಡಿನ ಸಿಪಾಯಿಗಳು. ಅವರಿಗೆ ಬೂಟು, ನಮ್ಮವರಿಗೆ ಬರಿಗಾಲು. ನಮ್ಮ ಗೋಲು ಕಾಯುತ್ತಿದ್ದವನು ಅಣ್ಣ. ತಂಡದ ನಾಯಕ ಎಣ್ಣೆಗಾಣದ ಯಜಮಾನರ ಮಗ. ಅಣ್ಣ ಕುಳ್ಳ ಎಂಬುದು ಅವನ ಹಳೆಯ ತಕರಾರು. "ಇವತ್ತು ಗೆದ್ರೆ ಗೋಲು ನಿಂದೇ ಕಣೋ. ಸೋತ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ" ಎಂದು ಎಲ್ಲರೆದುರೇ ಹೇಳಿದ. ಹೇಳಿದವನು ಅಣ್ಣ ನಿಲ್ಲುವ ಗೋಲಿನ ಹಿಂದೆ ಕುಂಕುಮ ಹಚ್ಚಿದ ನಿಂಬೆಹಣ್ಣೊಂದನ್ನು ಹೂತ.

ನಾನು ಸುಮ್ಮನಿರಬಹುದಿತ್ತು.

"ಅರ್ಧ ಆಟ ಆದ್ಮೇಲೆ ಕಡೆ ಬದ್ಲಾಗುತ್ತಲ್ಲ. ಆಗ ನಿಮ್ಮ ನಿಂಬೆಹಣ್ಣು ದಂಡಿನೋರ ಗೋಲು ಕಾಯುತ್ತೆ" ಎಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು. ನಾಯಕ ತಲೆ ಕೆರೆದುಕೊಂಡ. "ಭಲೇ ಲಾಯರಪ್ಪ. ಹಂಗಾದ್ರೆ ಬಿಡುವಲ್ಲಿ ನೀನೇ ಕಿತ್ಕೊಂಡೋಗಿ ಆ ಕಡೆ ಹೂತ್ಬಿಡು."

ಮೊದಲರ್ಧದಲ್ಲಿ ಯಾರಿಗೂ ಗೋಲು ಸಿಗಲಿಲ್ಲ. ಬಿಡುವಿನಲ್ಲಿ ಗೋಲಿನ ಹಿಂದೆ ಕೂತು ಮಣ್ಣು ಕೆದಕಿದೆ. ಹಣ್ಣು ಬೆರಳಿಗೆ ತಾಗಿತು. ಕೀಳಲಿಲ್ಲ, ಮತ್ತೆ ಮಣ್ಣು ಮುಚ್ಚಿದೆ. ಗೆದ್ದ ಮೇಲೆ ಎಲ್ಲರನ್ನೂ ಕರೆದು ತೋರಿಸಬೇಕು, ಹಣ್ಣು ಇಲ್ಲೇ ಇದೆ ನೋಡಿ ಎಂದು. ಹಣ್ಣಿನ ಮಹಿಮೆ ಸುಳ್ಳು ಎನ್ನಲು ಅದಕ್ಕಿಂತ ಬೇರೆ ಪುರಾವೆ ಬೇಕೇ? ಸೋತರೆ ಏನು ಎಂಬುದನ್ನು ಎರಡನೆಯ ಅರ್ಧದ ಸಿಳ್ಳೆ ಊದಿದ ಮೇಲೆ ಯೋಚಿಸಿದೆ.

ನಾಯಕ ಹೊಡೆದ ಚೆಂಡು ಬಿದಿರಿನ ಕಂಬಕ್ಕೆ ಬಡಿದು, ಸರಿಯಾಗಿ ಹಣ್ಣಿದ್ದ ಜಾಗದ ಮೇಲೇ ಉರುಳಿ ಹೊರಗೆ ಹೋಯಿತು. ಕಾಕತಾಳೀಯ ಎಂಬ ಪದ ಇನ್ನೂ ಕಲಿತಿರಲಿಲ್ಲ. ಇನ್ನೊಂದು ಹೊಡೆತವನ್ನು ಅವರ ಗೋಲು ಕಾಯುವವನು ನೆಲದಲ್ಲಿ ಬಿದ್ದುಕೊಂಡೇ ಕಾಲು ಚಾಚಿ ತಡೆದ. ಓಡಿಹೋಗಿ ಕಿತ್ತುಬಿಡೋಣವೆನಿಸಿತು. ನಂಬದವನಿಗೆ ಹಾಗೆ ಅನಿಸಬಾರದು. ಅನಿಸಿತು. ಇನ್ನೇನು ಆಟ ಮುಗಿಯಬೇಕು, ಸಿಪಾಯಿಯೊಬ್ಬ ದೂರದಿಂದ ಎತ್ತರಕ್ಕೆ ಒದ್ದ. ಅಣ್ಣ ಹಾರಿದ. ಚೆಂಡು ಅವನ ಬೆರಳ ತುದಿ ಸವರಿಕೊಂಡು ಒಳಗೆ ಹೋಯಿತು.

ಸೋತೆವು. ನಾಯಕ ನೆಟ್ಟಗೆ ನನ್ನ ಬಳಿ ಬಂದ.

"ಆ ಕಡೆ ಹೂತ್ಯೇನೋ?"

"ಹೂತೆ."

"ನಿಜವಾಗ್ಲೂ?"

"ಹೂತೆ ಅಂದ್ನಲ್ಲ."

ಅವನು ಅಣ್ಣನ ಕಡೆ ತಿರುಗಿದ. "ಕೇಳಿದ್ಯಾ? ಹಣ್ಣಿಂದೇನೂ ತಪ್ಪಿಲ್ಲ. ಇನ್ನೊಂದು ಗೇಣು ಉದ್ದ ಇದ್ದಿದ್ರೆ ಸಿಗ್ತಿತ್ತು ಬಾಲು."

ಮನೆಯ ದಾರಿಯಲ್ಲಿ ಅಣ್ಣನಿಗೆ ನಿಜ ಹೇಳಿದೆ. ಈಗಲೇ ಹಿಂದಿರುಗಿ ನಾಯಕನಿಗೂ ಹೇಳುತ್ತೇನೆ ಎಂದೆ. ಅವನು ನಡಿಗೆ ನಿಲ್ಲಿಸಲಿಲ್ಲ.

"ಏನಂತ ಹೇಳ್ತೀಯಾ? ಬಾಲ್ ಬಿಟ್ಟಿದ್ದು ನಾನು ಕಣೋ."

ಹೇಳಿದ್ದರೆ ಅವನ ಜಾಗ ಉಳಿಯುತ್ತಿತ್ತೇನೋ. ಅವನೇ ಬೇಡವೆಂದ, ಅದಕ್ಕೇ ಹೇಳಲಿಲ್ಲ ಎಂದು ಇಷ್ಟು ವರ್ಷ ನನ್ನೊಳಗೇ ವಾದಿಸಿಕೊಂಡು ಬಂದಿದ್ದೇನೆ. ಬೇಡ ಎಂಬ ಮಾತನ್ನು ಅವನು ಆಡಿರಲಿಲ್ಲ.

ಮುಂದಿನ ಭಾನುವಾರ ಗೋಲಿಗೆ ಉದ್ದನೆಯ ಹುಡುಗನೊಬ್ಬ ನಿಂತ. ಅಣ್ಣ ಗೆರೆಯ ಈಚೆ, ನನ್ನ ಪಕ್ಕದಲ್ಲಿ ನಿಂತು ಆಟ ನೋಡಿದ.